ಮರ್ದಾನಬಿ ಚಾಚಿ ಮತ್ತು ಹಿತ್ತಲಿನ ಹಗೇವು

ಹೊಸ ನೆಲಕ್ಕೆ ಕಾಲಿಡುವ ಮೊದಲು ಮರ್ದಾನಬಿ ಚಾಚಿ ಅದನ್ನು ಹಾರಿಯಿಂದ ಬಡಿದು ನೋಡುತ್ತಿದ್ದಳು. ಬೇರೆಯವರ ಮನೆಯ ಬಾಗಿಲು ಬಡಿದ ಹಾಗೆ, ಮೂರು ಸಲ. ಆಮೇಲೆ ಕಿವಿಯ ಮೇಲಿನ ಸೆರಗು ಸರಿಸಿ, ತಲೆ ಒಂದು ಕಡೆ ವಾಲಿಸಿ ನಿಲ್ಲುತ್ತಿದ್ದಳು. ಸಮಾಧಾನವಾದರೆ ಒಂದು ಹೆಜ್ಜೆ ಮುಂದೆ, ಮತ್ತೆ ಮೂರು ಪೆಟ್ಟು. ಆ ಕಬ್ಬಿಣದ ಹಾರಿ ಅವಳ ಎದೆಯೆತ್ತರ ಇತ್ತು. ತುದಿ ಸವೆದು ಮೊಂಡಾಗಿತ್ತು. ಹಿಡಿಯುವ ಜಾಗ ಮಾತ್ರ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

ಮೊದಲ ದಿನ ನಮ್ಮ ಹಿತ್ತಲಿನಲ್ಲಿ ಅವಳು ಹೀಗೆ ಬಡಿಯುತ್ತ ಹೋದಾಗ, ಗೋಡೆಯ ಆಚೆ ಪಾನ್ ಅಂಗಡಿ ಇಟ್ಟುಕೊಂಡಿದ್ದ ಬಸಣ್ಣ ಇಣುಕಿ ನೋಡಿ, "ಏನ್ ಚಾಚಿ, ಒಳಗ ಯಾರರ ಅದಾರೇನು?" ಎಂದ. ಚಾಚಿ ಅವನ ಕಡೆ ತಿರುಗಲಿಲ್ಲ. "ಅದನ್ನ ಕೇಳಾಕತ್ತೀನಪಾ. ನಿನ್ನ ಬಾಯಿ ಮುಚ್ಚಿದ್ರ ಅವರು ಹೇಳೋದು ಕೇಳಸ್ತೈತಿ" ಎಂದಳು.

ನಾನು ನಕ್ಕೆ.

ಆಗ ನಾನು ಕುಷ್ಟಗಿಯಲ್ಲಿ ಖಾಸಗಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸಲು ಸೇರಿ ಎರಡು ವರ್ಷವಾಗಿತ್ತು. ತಮ್ಮ ವೀರೇಶ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಯಲ್ಲಿ ಕೆಲಸ ಮಾಡುತ್ತ, ಬೆಳಿಗ್ಗೆ ಪೊಲೀಸ್ ಪರೀಕ್ಷೆಗೆಂದು ಓಡುತ್ತಿದ್ದ. ಅವ್ವ ಬೇವೂರಿನಲ್ಲಿ ಅಣ್ಣನ ಜೊತೆ ಇದ್ದಳು. ನಾವಿಬ್ಬರು ಹಳೇ ಪೇಟೆಯ ಹಿಂದೆ ಒಂದು ಮಣ್ಣಿನ ಮಾಳಿಗೆ ಮನೆಯನ್ನು ಬಾಡಿಗೆ ಹಿಡಿದಿದ್ದೆವು. ಮನೆ ಎರಡೇ ಕೋಣೆ, ಹಿತ್ತಲು ಮಾತ್ರ ಅದರ ನಾಲ್ಕರಷ್ಟು. ಬಳ್ಳಾರಿ ಜಾಲಿ ಎದೆಯುದ್ದ ಬೆಳೆದಿತ್ತು. ಅದರ ಬುಡದಲ್ಲಿ ಒಡೆದ ಬಾಟಲಿ, ಹರಿದ ಚಪ್ಪಲಿ, ಅರ್ಧ ಇಟ್ಟಿಗೆ, ಯಾರೋ ಎಸೆದ ಒಂದು ಟಿವಿಯ ಖಾಲಿ ಡಬ್ಬ. ಒಂದು ಮೂಲೆಯಲ್ಲಿ ದೊಡ್ಡ ಬೇವಿನ ಮರ. ಓಣಿಯ ಹಂದಿಗಳು ಮುಂಜಾನೆ ಹಿತ್ತಲನ್ನೇ ಹಾದಿ ಮಾಡಿಕೊಂಡಿದ್ದವು. ಮನೆಯ ಮಾಲೀಕರು ಹುಬ್ಬಳ್ಳಿಯಲ್ಲಿದ್ದರು. ಹಿತ್ತಲಿನಲ್ಲಿ ಏನು ಬೇಕಾದರೂ ಮಾಡಿಕೊಳ್ಳಿ, ನನ್ನನ್ನು ಮಾತ್ರ ಏನೂ ಕೇಳಬೇಡಿ ಎಂದು ಫೋನಿನಲ್ಲಿ ಹೇಳಿಬಿಟ್ಟಿದ್ದರು.

ಚಾಚಿ ಹಿಂದಿನ ಓಣಿಯವಳು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗಳನ್ನು ಗಂಗಾವತಿಗೆ ಕೊಟ್ಟಿದ್ದಳು. ಸುತ್ತಲಿನ ದಾಳಿಂಬೆ ತೋಟಗಳಲ್ಲಿ ಗೂಟಿ ಕಟ್ಟುವುದು ಅವಳ ಕಸುಬು. ಗಿಡದ ಮೇಲೇ ಕೊಂಬೆಯ ತೊಗಟೆ ಸುಲಿದು, ಹಸಿ ಮಣ್ಣು ಮೆತ್ತಿ, ಹಾಳೆ ಸುತ್ತಿ ಬೇರು ಬರಿಸುವ ಕೆಲಸ ಅದು. ಅವಳು ಕಟ್ಟಿದ ಗೂಟಿ ಹುಸಿ ಹೋಗುವುದಿಲ್ಲ ಎಂದು ತೋಟದವರು ಮನೆಗೆ ಬಂದು ಕರೆದುಕೊಂಡು ಹೋಗುತ್ತಿದ್ದರು. ಅವಳು ನಮ್ಮ ಮನೆಗೆ ಬಂದದ್ದು ಜಾಲಿ ಕೇಳಲು, ಒಲೆಗೆ. ಕಡಿದುಕೊಂಡು ಹೋಗು ಚಾಚಿ ಎಂದೆ. ಮೂರು ದಿನದಲ್ಲಿ ಜಾಲಿಯೆಲ್ಲ ಹೋಗಿ ನೆಲ ಕಂಡಿತು. ನಾಲ್ಕನೆಯ ದಿನ ಅವಳು ಬರಿಗೈಯಲ್ಲಿ ಬಂದು ಹಿತ್ತಲಿನ ನಡುವೆ ನಿಂತಳು. ಇಷ್ಟು ನೆಲ ಇಟ್ಟುಕೊಂಡು ಸಂತೆಯಿಂದ ಕೊತ್ತಂಬರಿ ತರುತ್ತೀರಲ್ಲ, ನಾಚಿಕೆ ಬರುವುದಿಲ್ಲವೇ ಎಂದು ನನ್ನನ್ನು ಕೇಳಿದಳು.

ನಾಚಿಕೆ ನನಗೂ ಇತ್ತು. ಮೊಬೈಲಿನಲ್ಲಿ ಕೈತೋಟದ ವಿಡಿಯೊ ನೋಡಿ ಒಂದು ಪಟ್ಟಿಯನ್ನೂ ಮಾಡಿದ್ದೆ. ಕುಂಡ, ತೆಂಗಿನ ನಾರಿನ ಪುಡಿ, ಚೀಲದ ಗೊಬ್ಬರ, ನೀರು ಚಿಮ್ಮಿಸುವ ಡಬ್ಬಿ. ಓದಿ ಹೇಳಿದೆ. ಚಾಚಿ ಪೂರ್ತಿ ಕೇಳಿಸಿಕೊಂಡು, ಆ ಹಾಳೆ ಕೊಡಿ ಎಂದು ಇಸಿದುಕೊಂಡು, ನಾಲ್ಕು ಮಡಚಿ ಎಲೆ ಅಡಿಕೆಯ ಚೀಲದಲ್ಲಿ ಇಟ್ಟುಕೊಂಡಳು. "ಅಕ್ಕೋರ, ಈ ಹಿತ್ತಲಕ್ಕ ಒಂದ್ ಸಾಮಾನೂ ಕೊಂಡು ತರಾಂಗಿಲ್ಲ. ತಂದ್ರ ನಾ ಬರಾಂಗಿಲ್ಲ."

ನಮ್ಮ ಕಡೆ ಶಾಲೆಯ ಹೆಣ್ಣು ಮಾಸ್ತರರಿಗೆಲ್ಲ ಅಕ್ಕೋರು ಎನ್ನುತ್ತಾರೆ. ಆದರೆ ಅವಳು ಆ ಮಾತನ್ನು ಬಳಸುತ್ತಿದ್ದುದು ಬಹುತೇಕ ಬೈಯುವಾಗ.

ಆಮೇಲಿನ ನಾಲ್ಕು ತಿಂಗಳು ಅವಳ ಮಾತಿನ ಹಾಗೆಯೇ ನಡೆಯಿತು. ತೋಟಗಳಲ್ಲಿ ಹಳೆಯದಾಯಿತೆಂದು ಕಿತ್ತೆಸೆದ ಡ್ರಿಪ್ ಪೈಪುಗಳನ್ನು ಅವಳು ಸಿಂಬಿ ಸುತ್ತಿ ತಲೆಯ ಮೇಲೆ ಹೊತ್ತು ತಂದಳು. ತೂತು ಕಟ್ಟಿಕೊಂಡಿದ್ದನ್ನು ಹೊಲಿಗೆಯ ಸೂಜಿಯಿಂದ ಒಂದೊಂದಾಗಿ ಬಿಡಿಸಿದಳು. ಗ್ರಾನೈಟ್ ಕೊಯ್ಯುವ ಕಾರ್ಖಾನೆಯ ಹಿಂದೆ ಬಿದ್ದಿದ್ದ ಅಂಚಿನ ತುಂಡುಗಳನ್ನು ವೀರೇಶನ ಬೈಕಿನ ಮೇಲೆ ತರಿಸಿ ಓಡಾಡಲು ಹಾದಿ ಮಾಡಿದಳು. ತಳ ಒಡೆದ ಪ್ಲಾಸ್ಟಿಕ್ ಕೊಡಗಳು, ಸಿಮೆಂಟಿನ ಖಾಲಿ ಚೀಲಗಳು ಕುಂಡಗಳಾದವು. ಗೊಬ್ಬರಕ್ಕೆ ಓಣಿಯ ಮೇಕೆಗಳ ಹಿಕ್ಕೆ. ಬೀಜ ಮಾತ್ರ ಎಲ್ಲಿಂದ ಬರುತ್ತಿತ್ತೋ ತಿಳಿಯದು. ಸೆರಗಿನ ಗಂಟು ಬಿಚ್ಚಿದರೆ ಒಂದು ದಿನ ಪುಂಡಿಪಲ್ಲೆಯದು, ಇನ್ನೊಂದು ದಿನ ಚವಳಿಕಾಯಿಯದು. ಯಾರ ಮನೆಗೆ ಮಾತಾಡಿಸಲು ಹೋದರೂ ಒಂದು ಚಿಟಿಕೆ ಬೀಜ ಇಸಿದುಕೊಳ್ಳದೆ ಅವಳು ಏಳುತ್ತಿರಲಿಲ್ಲ. ಹಂದಿ ಬಾರದ ಹಾಗೆ ಸುತ್ತ ಮದರಂಗಿಯ ಬೇಲಿ ಹಾಕಿದಳು. ಬದಲಿಗೆ ಅವಳು ಕೇಳಿದ್ದು ಒಂದೇ, ಹಬ್ಬಕ್ಕೆ ಮೊಮ್ಮಕ್ಕಳು ಬಂದಾಗ ಅಂಗೈಗೆ ಹಚ್ಚುವಷ್ಟು ಎಲೆ.

ಹಗೇವು ಸಿಕ್ಕಿದ್ದು ಆ ಮೊದಲ ದಿನದ ಬಡಿತದಲ್ಲೇ. ಬೇವಿನ ಮರದ ಹತ್ತಿರ ಹಾರಿಯ ಸದ್ದು ಬದಲಾಯಿತು. ಬೇರೆ ಕಡೆ ದಪ್ ಎನ್ನುತ್ತಿದ್ದುದು ಅಲ್ಲಿ ಡಂಗ್ ಎಂದಿತು. ಚಾಚಿ ಅಲ್ಲಿಯೇ ಕುಕ್ಕರಗಾಲಿನಲ್ಲಿ ಕೂತು ಅಂಗೈಯನ್ನು ನೆಲಕ್ಕೆ ಊರಿದಳು. "ಇಲ್ಲಿ ನೆಲದ ಹೊಟ್ಟಿ ಖಾಲಿ ಐತಿ" ಎಂದಳು. ಹಿಂದಿನವರು ಜೋಳ ತುಂಬಿಡಲು ತೋಡುತ್ತಿದ್ದ ನೆಲಮಾಳಿಗೆ ಅದು. ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣ ಬಾಯಿ, ಕೆಳಗೆ ಗಡಿಗೆಯ ಹಾಗೆ ಅಗಲ, ಎರಡಾಳು ಆಳ. ಬಾಯಿಗೆ ಬಂಡೆ ಮುಚ್ಚಿ ಮೇಲೆ ಮಣ್ಣು ಎಳೆದುಬಿಟ್ಟರೆ ಮೇಲಿದ್ದವರಿಗೆ ಗೊತ್ತೇ ಆಗುವುದಿಲ್ಲ. ಚಾಚಿ ಅದರ ಮೇಲೆ ಜಾಲಿಯ ಮುಳ್ಳು ಹೇರಿ, ಇತ್ತ ಕಡೆ ಬರಬೇಡಿ ಎಂದಳು. ಅಷ್ಟಕ್ಕೆ ಬಿಡಬೇಕಿತ್ತು.

ಮೇ ತಿಂಗಳಲ್ಲಿ ನಳದ ನೀರು ಎಂಟು ದಿನಕ್ಕೊಮ್ಮೆ ಆಯಿತು. ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು ಎಲ್ಲ ಹಿತ್ತಲಿಗೇ ಹೋದರೂ ಬದನೆ ಬಾಡಿತು, ಹೀರೆ ಬಳ್ಳಿ ತುದಿಯಿಂದ ಒಣಗತೊಡಗಿತು. ನಾಲ್ಕು ತಿಂಗಳ ಕೆಲಸ ಕಣ್ಣೆದುರಿಗೆ ಸಾಯುತ್ತಿತ್ತು. ಆಗ ನನಗೆ ಹಗೇವು ನೆನಪಾಯಿತು. ಅದನ್ನು ಸ್ವಚ್ಛ ಮಾಡಿ, ಒಳಗೆ ಗಾರೆ ಬಳಿದು, ಮಾಳಿಗೆಯ ಮಳೆ ನೀರು ತುಂಬಿಸಿದರೆ ಮುಂದಿನ ಬೇಸಿಗೆಗೆ ಚಿಂತೆಯಿಲ್ಲ ಎಂದೆ. ಚಾಚಿಗೆ ಮನಸ್ಸಿರಲಿಲ್ಲ. ಕಾಳು ಇಡುವ ಜಾಗದಲ್ಲಿ ನೀರು ನಿಲ್ಲುವುದಿಲ್ಲ ಎಂದಳು. ನಾನು ಹಟ ಹಿಡಿದೆ. ಮೂರನೆಯ ದಿನ ಬಂದು, "ಆತು, ತೆಗಿಯೋಣು. ಆದ್ರ ಒಂದ್ ಹೊಸಾ ಹಗ್ಗ ತರ್ರಿ. ಹಳೇದು ನಡಿಯಾಂಗಿಲ್ಲ" ಎಂದಳು.

ಒಂದು ಮೊಳೆಯನ್ನೂ ಕೊಳ್ಳಲು ಬಿಡದವಳು ಹೊಸ ಹಗ್ಗ ತನ್ನಿ ಎಂದಾಗ ನಾನೂ ವೀರೇಶನೂ ಮುಖ ಮುಖ ನೋಡಿಕೊಂಡೆವು.

ಶನಿವಾರ ಮಧ್ಯಾಹ್ನ ಬಂಡೆ ಸರಿಸಿದೆವು. ಒಳಗಿಂದ ಹುಳಿ ಹುಳಿ ವಾಸನೆ ಬಂತು. ಮರುದಿನ ಯಲಬುರ್ಗಾದಲ್ಲಿ ಚಾಚಿಯ ತಂಗಿಯ ಮೊಮ್ಮಗಳ ನಿಖಾ ಇತ್ತು. ಹೋಗುವ ಮುನ್ನ ವೀರೇಶನನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದಳು. "ನೋಡೋ ಪೈಲ್ವಾನ, ನಾ ಬರೂತನಕ ಇಳಿಬ್ಯಾಡ. ಬಾಯಿ ತೆರದ ಇರ್ಲಿ. ಇಳಿಯಾಕ ಬೇಕ ಅಂದ್ರ ಮೊದಲ ದೀಪ ಬಿಟ್ಟು ನೋಡ್ರಿ. ಹಗ್ಗ ನಡಕ್ಕ ಕಟ್ಟಬಾರ್ದು, ಕಂಕುಳಾಗ ಹಾಸಿ ಕಟ್ಟಬೇಕು. ನಡಕ್ಕ ಕಟ್ಟಿದ್ರ ಮನಿಶ್ಯಾ ಮಡಚಿ ಬಾಯಾಗ ಸಿಗತಾನ."

ಆ ಸಂಜೆ ಅಡ್ಡ ಮಳೆ ಬಂತು. ಗಾಳಿಯೂ ಜೋರಿತ್ತು. ಒಳಗೆ ಕೆಸರಾದೀತೆಂದು ನಾನೇ ತಾಡಪತ್ರಿ ಎಳೆದು, ಅದರ ಮೇಲೆ ಬಂಡೆ ಸರಿಸಿ ಹಗೇವಿನ ಬಾಯಿ ಮುಚ್ಚಿದೆ.

ರವಿವಾರ ಬೆಳಿಗ್ಗೆ ಬಿಸಿಲು ಬಿದ್ದಿತ್ತು. ಒಂದು ರಾತ್ರಿ ಕಳೆದಿದೆಯಲ್ಲ, ಇನ್ನೇನು ಎಂದು ವೀರೇಶ ಬಂಡೆ ಸರಿಸಿದ. ದೀಪ ಎಂದಳಲ್ಲ, ನಮ್ಮ ಮನೆಯಲ್ಲಿ ಕಂದೀಲು ಎಲ್ಲಿದೆ? ಅವನ ಅಂಗಡಿಯಿಂದ ತಂದ ದೊಡ್ಡ ಬ್ಯಾಟರಿ ಇತ್ತು. ಅದನ್ನು ಹತ್ತಿಸಿ, ದಾರಕ್ಕೆ ಕಟ್ಟಿ ನಾನೇ ಇಳಿಬಿಟ್ಟೆ. ಹಾವು ಚೇಳು ನೋಡಿಕೊಳ್ಳಲೆಂದು ಚಾಚಿ ಹಾಗೆ ಹೇಳಿದ್ದಾಳೆ ಎಂದೇ ನನ್ನ ತಲೆಯಲ್ಲಿತ್ತು. ಬೆಳಕು ತಳದವರೆಗೂ ಹೋಯಿತು. ಕರಿಗಟ್ಟಿದ ಹೊಟ್ಟು, ಒಂದು ಒಡೆದ ಗಡಿಗೆಯ ಚೂರು, ಮತ್ತೇನೂ ಇರಲಿಲ್ಲ. "ಏನೂ ಇಲ್ಲೋ, ಇಳಿ" ಎಂದು ನಾನೇ ಹೇಳಿದೆ.

ಒಂಬತ್ತನೆಯ ತರಗತಿಗೆ ವರ್ಷಕ್ಕೊಮ್ಮೆ ಮೇಣದಬತ್ತಿ ಹಚ್ಚಿ, ಮೇಲೆ ಗಾಜಿನ ಲೋಟ ಬೋರಲು ಹಾಕಿ, ಅದು ಆರುವುದನ್ನು ತೋರಿಸುವವಳು ನಾನು. ಯಾಕೆ ಆರಿತು ಎಂದು ಕೇಳಿ, ಕೈ ಎತ್ತಿದವರಿಂದ ಉತ್ತರ ಹೇಳಿಸುವವಳು ನಾನು.

ವೀರೇಶ ಕಂಕುಳಲ್ಲಿ ಹಗ್ಗ ಕಟ್ಟಿಕೊಂಡ. ಎತ್ತಿನ ಹಾಗೆ ಕಾಣುತ್ತೇನಲ್ಲ ಅಕ್ಕಾ ಎಂದು ನಕ್ಕು, ಹಗ್ಗದ ಇನ್ನೊಂದು ತುದಿಯನ್ನು ತಾನೇ ಬೇವಿನ ಮರಕ್ಕೆ ಬಿಗಿದ. ಏಣಿಯ ಮೇಲಿಂದ ತಳಕ್ಕೆ ಇಳಿದವನು, "ಅಕ್ಕಾ, ಇಲ್ಲಿ ಭಾಳ ತಂಪ ಐತಿ" ಎಂದ. ಹೊಟ್ಟು ತುಂಬಲು ಬಗ್ಗಿದ. ಒಂದು ಬುಟ್ಟಿಯೂ ತುಂಬಿರಲಿಲ್ಲ. "ಅಕ್ಕಾ, ಕಾಲು ಯಾಕೋ..." ಎಂದವನು, ಆಯಾಸಗೊಂಡವರು ಕಟ್ಟೆಯ ಮೇಲೆ ಕೂರುವ ಹಾಗೆ ನಿಧಾನವಾಗಿ ಕೂತ. ಆಮೇಲೆ ಪಕ್ಕಕ್ಕೆ ವಾಲಿದ.

ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಏಣಿಯ ಮೂರನೆಯ ಮೆಟ್ಟಿಲಿಗೆ ನನ್ನ ಕಾಲು ತಾಗಿದ್ದು ನೆನಪಿದೆ. ಅವನ ಪಕ್ಕದಲ್ಲಿ ಬ್ಯಾಟರಿ ಇನ್ನೂ ಹಾಗೆಯೇ ಉರಿಯುತ್ತಿದ್ದುದು ನೆನಪಿದೆ. ಅಷ್ಟರಲ್ಲಿ ಯಾರೋ ನನ್ನ ಜಡೆ ಹಿಡಿದು ಮೇಲಕ್ಕೆ ಎಳೆದು ನೆಲಕ್ಕೆ ಕೆಡವಿದರು.

ಚಾಚಿ. ಜರಿಯಂಚಿನ ಹೊಸ ಸೀರೆ, ತಲೆಯಲ್ಲಿ ಮಲ್ಲಿಗೆ. ಬಸ್ ಸ್ಟ್ಯಾಂಡಿನಲ್ಲಿ ಯಲಬುರ್ಗಾದ ಬಸ್ಸು ಎದುರಿಗೆ ಬಂದು ನಿಂತಾಗ ಅವಳಿಗೆ ನಿನ್ನೆಯ ಮಳೆ ನೆನಪಾಯಿತಂತೆ. ಈ ಓದಿದವರು ಮಳೆಗೆ ಹಗೇವಿನ ಬಾಯಿ ಮುಚ್ಚಿರುತ್ತಾರೆ ಎಂದುಕೊಂಡು, ಬಸ್ಸು ಬಿಟ್ಟು ಅಷ್ಟು ದೂರ ನಡೆದೇ ಬಂದಿದ್ದಳು.

ನಾನು ಮತ್ತೆ ಹಗೇವಿನ ಬಾಯಿಯ ಕಡೆ ತೆವಳಿದೆ. ಅವಳು ನನ್ನ ಎದೆಗೆ ಮೊಣಕಾಲು ಕೊಟ್ಟು ಒತ್ತಿ ಹಿಡಿದಳು. ಮುಖ ನನ್ನ ಮುಖದ ಹತ್ತಿರ ತಂದು, ಏರಿಸದ ದನಿಯಲ್ಲಿ ಹೇಳಿದಳು: "ಒಬ್ಬಾವ ಒಳಗದಾನ. ಇಬ್ಬರನ್ನ ನಾ ಕೊಡಾಂಗಿಲ್ಲ. ಹಗ್ಗ ಹಿಡಿ. ಅಳೋದು ಆಮ್ಯಾಲ."

ಬಸಣ್ಣಾ ಎಂದು ಒಮ್ಮೆ ಕೂಗಿ ಅವಳು ಹಗ್ಗಕ್ಕೆ ಕೈ ಹಾಕಿದಳು. ನಾವಿಬ್ಬರು ಎಳೆದಷ್ಟನ್ನು ಮತ್ತೆ ಜಾರದ ಹಾಗೆ ಬೇವಿನ ಮರಕ್ಕೆ ಸುತ್ತುತ್ತ ಹೋದಳು. ಗೇಣು ಎಳೆಯುವುದು, ಸುತ್ತುವುದು. ಮತ್ತೆ ಗೇಣು. ಬಸಣ್ಣ ಗೋಡೆ ಹಾರಿ ಬಂದ, ಹಿಂದೆ ದಾರಿಹೋಕರಿಬ್ಬರು. ವೀರೇಶನ ತಲೆ ಬಾಯಿಯ ಹತ್ತಿರ ಬಂದು ಹೆಗಲು ಸಿಕ್ಕಿಕೊಂಡಿತು. ಚಾಚಿ ದೊಡ್ಡದಾಗಿ ಉಸಿರು ಎಳೆದು, ಬಿಗಿಹಿಡಿದು, ಜರಿ ಸೀರೆಯಲ್ಲೇ ಬೋರಲು ಮಲಗಿ ಎರಡೂ ಕೈ ಒಳಗೆ ಹಾಕಿದಳು. ಅವನ ಒಂದು ತೋಳನ್ನು ಮೇಲಕ್ಕೆ ತಿರುಗಿಸಿದಳು. ಹೆಗಲು ಬಿಡಿಸಿಕೊಂಡು ಅವನು ಹೊರಗೆ ಬಂದ. ತುಟಿ ನೀಲಿಯಾಗಿತ್ತು. ಬೆನ್ನಿಗೆ ಅವಳು ಕೊಟ್ಟ ಪೆಟ್ಟುಗಳ ಸದ್ದು ಓಣಿಗೆಲ್ಲ ಕೇಳಿರಬೇಕು. ಎಷ್ಟನೆಯದಕ್ಕೋ ಅವನು ಕೆಮ್ಮಿದ.

ಎರಡು ದಿನ ಆಸ್ಪತ್ರೆಯಲ್ಲಿದ್ದ. ಮೊದಲ ದಿನ ಸಂಜೆ, ವಾರ್ಡಿನ ಹೊರಗಿನ ಬೆಂಚಿನ ಮೇಲೆ, ನಾನು ಕೇಳದೆಯೇ ಚಾಚಿ ತನ್ನ ಕಥೆ ಹೇಳಿದಳು. ಅವಳು ಹತ್ತು ವರ್ಷದವಳಿದ್ದಾಗ ಊರಿನ ಗೌಡರ ಹಗೇವು ತೆಗೆಯಲು ಅವಳ ಅಣ್ಣ ಇಳಿದನಂತೆ. ಅವನು ಬೀಳುವುದನ್ನು ಕಂಡು ಅಪ್ಪ ಇಳಿದನಂತೆ. "ಅಪ್ಪ ನನ್ನ ಕೈಯಾಗ ಕಂದೀಲು ಕೊಟ್ಟು ಇಳದ್ರು. ಅದು ಮ್ಯಾಲೆ ಉರಿಯಾಕತ್ತಿತ್ತು" ಎಂದಳು. ಅಷ್ಟೇ. ಆಮೇಲೆ ಎಂದೂ ಆ ಮಾತು ಎತ್ತಲಿಲ್ಲ.

ನಾನು ಮನೆ ಬಿಡುವುದೆಂದು ತೀರ್ಮಾನಿಸಿಬಿಟ್ಟಿದ್ದೆ. ಹಿತ್ತಲಿನ ಬಾಗಿಲಿಗೆ ಚಿಲಕ ಹಾಕಿ, ಅದರ ಮುಂದೆ ಗೋದಿ ಡಬ್ಬ ಇಟ್ಟಿದ್ದೆ. ವೀರೇಶ ಮನೆಗೆ ಬಂದ ಮರುದಿನವೇ ಚಾಚಿ ಹಾರಿ ಹಿಡಿದು ಬಂದಳು. ಡಬ್ಬ ಸರಿಸಿ, ಚಿಲಕ ತೆಗೆದು, "ಕೆಲಸ ಅರ್ಧಕ್ಕ ನಿಂತೈತಿ" ಎಂದಳು. ನನ್ನಿಂದಾಗದು ಚಾಚಿ, ಆ ಮೂಲೆ ಕಂಡರೆ ಕೈಕಾಲು ನಡುಗುತ್ತವೆ ಎಂದೆ. "ನಡಗ್ಲಿ. ನಡಗೋ ಕೈಲೆ ಬುಟ್ಟಿ ಹಿಡಿಯಾಕ ಬರಾಂಗಿಲ್ಲೇನು?"

ಅವಳ ಇನ್ನೊಂದು ಕೈಯಲ್ಲಿ ಕಂದೀಲು ಇತ್ತು. ನನ್ನನ್ನು ಹಗೇವಿನ ಹತ್ತಿರ ಕೂರಿಸಿಕೊಂಡು, ಹತ್ತಿಸಿ, ಹಗ್ಗ ಕಟ್ಟಿ ಇಳಿಬಿಟ್ಟಳು. ಬಂಡೆ ಮತ್ತೆ ಯಾರು ಮುಚ್ಚಿದ್ದರೋ, ಆಗಷ್ಟೇ ಸರಿಸಿದ್ದಳು. ಒಂದಾಳು ಕೆಳಗೆ ಹೋಗುವಷ್ಟರಲ್ಲಿ ಉರಿ ಸಣ್ಣದಾಯಿತು, ನೀಲಿಯಾಯಿತು, ಹೋಯಿತು. ಮೇಲೆಳೆದು ಮತ್ತೆ ಹತ್ತಿಸಿದಳು. ಮತ್ತೆ ಹೋಯಿತು. ಮೂರನೆಯ ಸಲ ಹಗ್ಗವನ್ನು ನನ್ನ ಕೈಗೆ ಕೊಟ್ಟಳು. ನನ್ನ ಕೈಯಲ್ಲಿಯೇ ಅದು ಆರಿತು. ಚಾಚಿ ಬೈದಿದ್ದರೆ ಚೆನ್ನಾಗಿತ್ತು.

ಆ ಹಗೇವಿಗೆ ಮತ್ತೆ ಯಾರೂ ಇಳಿಯಲಿಲ್ಲ. ಮೇಲಿನಿಂದಲೇ ತುಂಬಿದೆವು. ತಳಕ್ಕೆ ಗ್ರಾನೈಟಿನ ಚೂರು, ಅದರ ಮೇಲೆ ಒಡೆದ ಹೆಂಚು, ಆಮೇಲೆ ಕಡಿದ ಜಾಲಿಯ ಬೊಡ್ಡೆ, ಮೇಲೆ ಗೊಬ್ಬರ, ಮಣ್ಣು. ಹದಿನೈದು ದಿನ ಶಾಲೆ ಶುರುವಾಗುವವರೆಗೂ ನಾನು ಬುಟ್ಟಿ ಹೊತ್ತೆ. ವೀರೇಶನಿಗೆ ಭಾರ ಎತ್ತಬಾರದೆಂದು ಹೇಳಿದ್ದರು, ಅವನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ನೋಡುತ್ತಿದ್ದ. ಪೈಲ್ವಾನನಿಗೆ ಮೇಸ್ತ್ರಿ ಕೆಲಸ ಸಿಕ್ಕಿತು ಎಂದು ಚಾಚಿ ಅವನನ್ನು ಕಾಡುತ್ತಿದ್ದಳು. ಮಾಳಿಗೆಯ ನೀರು ಬೀಳುವ ದೋಣಿಯಿಂದ ಹಳೆಯ ಪೈಪೊಂದನ್ನು ಅಲ್ಲಿಗೇ ತಿರುಗಿಸಿದಳು. ಆ ಮಳೆಗಾಲದಲ್ಲಿ ಸುರಿದದ್ದೆಲ್ಲ ಆ ಹೊಟ್ಟೆಗೆ ಇಳಿಯಿತು. ಮುಂದಿನ ಬೇಸಿಗೆಯಲ್ಲಿ ಅದರ ಸುತ್ತಲಿನ ನೆಲ ಮೇ ತಿಂಗಳಲ್ಲೂ ಒಂದು ಗೇಣಿನ ಕೆಳಗೆ ಹಸಿಯಾಗಿತ್ತು. ಬದನೆ ಬಾಡಲಿಲ್ಲ. ಗುಂಡಿಯ ನಟ್ಟನಡುವೆ ತಾನೇ ಗೂಟಿ ಕಟ್ಟಿ ಬೇರು ಬರಿಸಿದ ಒಂದು ದಾಳಿಂಬೆ ಸಸಿ ನೆಟ್ಟಳು.

ಎರಡು ವರ್ಷದ ನಂತರ ಅವಳ ಮೊಣಕಾಲು ಕೈಕೊಟ್ಟವು. ಮಗಳು ಗಂಗಾವತಿಗೆ ಕರೆದುಕೊಂಡು ಹೋದಳು. ಹೋಗುವ ದಿನ ನಮ್ಮ ಮನೆಗೆ ಬಂದು, ದಾಳಿಂಬೆಯ ಬುಡದ ಸುತ್ತ ಹಾರಿಯಿಂದ ಮೂರು ಮೂರು ಪೆಟ್ಟು ಕೊಟ್ಟಳು. ದಪ್ ಎಂದಿತು. "ಈಗ ಹೊಟ್ಟಿ ತುಂಬೈತಿ" ಎಂದು ಹಾರಿಯನ್ನು ಬೇವಿನ ಮರಕ್ಕೆ ಆನಿಸಿ ಇಟ್ಟಳು. ಬಸ್ ಸ್ಟ್ಯಾಂಡಿಗೆ ನಾನೇ ಬಿಟ್ಟುಬಂದೆ. ಬಸ್ಸು ಹತ್ತುವಾಗ ಹಾರಿ ಮರೆತೆಯಲ್ಲ ಚಾಚಿ ಎಂದೆ. "ಮರತಿಲ್ಲ. ಗಂಗಾವತಿಯಾಗ ನೆಲ ಎಲ್ಲಾ ಹಸಿ, ಅಲ್ಲಿ ಕೇಳೋದೇನೈತಿ" ಎಂದಳು. ಆಮೇಲೆ ಕಿಟಕಿಯಿಂದ ಕೈ ಹೊರಗೆ ಹಾಕಿ ನನ್ನ ಜಡೆಯನ್ನು ಹಗುರಾಗಿ ಒಮ್ಮೆ ಜಗ್ಗಿದಳು. "ಮೊದಲ ಸಲ ಹೂ ಬಿಟ್ರ ಚಿವುಟಿಬಿಡ್ರಿ. ಗಿಡ ಗಟ್ಟಿ ಆಗ್ಲಿ."

ಹೋದ ಮಳೆಗಾಲದಲ್ಲಿ ಅವಳು ತೀರಿಕೊಂಡ ಸುದ್ದಿ ಬಂತು. ನಾವು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಆ ವರ್ಷದ ಹೂಗಳನ್ನು ನಾನು ಅವಳು ಹೇಳಿದ ಹಾಗೆ ಒಂದೂ ಬಿಡದೆ ಚಿವುಟಿದೆ.

ಈ ವರ್ಷ ಏಳು ಕಾಯಿ ನಿಂತಿವೆ. ವೀರೇಶ ಈಗ ಕೊಪ್ಪಳದಲ್ಲಿ ಪೊಲೀಸ್. ಮೊನ್ನೆ ರಜೆಗೆ ಬಂದಾಗ ಒಂದು ಕೆಂಪಾಗಿರುವುದು ಅವನ ಕಣ್ಣಿಗೆ ಬಿತ್ತು. ಹಿತ್ತಲಿನ ಬಾಗಿಲವರೆಗೆ ಬಂದು ನಿಂತ. ನಾನು ಹಾರಿ ತೆಗೆದುಕೊಂಡು ಮುಂದೆ ಹೋದೆ. ಅಲ್ಲಿ ಈಗ ಏನೂ ಆಗುವುದಿಲ್ಲವೆಂದು ನನಗೂ ಗೊತ್ತು, ಅವನಿಗೂ ಗೊತ್ತು. ಮೂರು ಪೆಟ್ಟು, ಒಂದು ಹೆಜ್ಜೆ. ಮತ್ತೆ ಮೂರು. ಬಾಗಿಲಿನಿಂದ ದಾಳಿಂಬೆಯವರೆಗೆ ಹಾಗೆಯೇ ಬಡಿಯುತ್ತ ಹೋದೆ. ಅವನು ನಗಲಿಲ್ಲ. ಚೌಕಟ್ಟಿಗೆ ಒರಗಿ ಕಾಯುತ್ತ ನಿಂತಿದ್ದ.

"ಆತೇನಕ್ಕಾ?" ಎಂದ.

ಕಿವಿಯ ಮೇಲಿನ ಕೂದಲು ಸರಿಸಿ ಇನ್ನೊಮ್ಮೆ ಕೇಳಿಸಿಕೊಂಡೆ. "ಆತು, ಬಾ" ಎಂದೆ.

ಆಮೇಲೆ ಅವನು ಕಾಲಿಟ್ಟ.